ಕಸದೊಳಗಿನ ಕಾಸು: ಮೆಟಲ್ ಡಿಟೆಕ್ಟರ್ ಹಿಡಿದವರಿಗೆ 15 ಸೂತ್ರಗಳು

1881ರ ಜುಲೈ 2. ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಮೇಲೆ ಗುಂಡು ಹಾರಿತು. ಮೈಯೊಳಗೆ ಉಳಿದುಹೋದ ಗುಂಡು ಎಲ್ಲಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತರಾತುರಿಯಲ್ಲಿ ಒಂದು ಲೋಹಶೋಧಕ ಕಟ್ಟಿಕೊಂಡು ಬಂದರು. ಪ್ರಯೋಗಾಲಯದಲ್ಲಿ ಸರಿಯಾಗಿಯೇ ಗುಂಡು ಹುಡುಕುತ್ತಿದ್ದ ಯಂತ್ರ ಅಧ್ಯಕ್ಷರ ಹಾಸಿಗೆಯ ಬಳಿ ಬಂದದ್ದೇ ಗೊಂದಲಕ್ಕೆ ಬಿತ್ತು. ಇಲ್ಲಿಯೂ ಸದ್ದು, ಅಲ್ಲಿಯೂ ಸದ್ದು. ಕಾರಣ ಆಮೇಲೆ ಗೊತ್ತಾಯಿತು: ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಹೆಣಿಗೆಯಿತ್ತು. ಸಾಲದ್ದಕ್ಕೆ, ಗುಂಡು ಬಲಗಡೆಯೇ ಇದೆ ಎಂದು ನಂಬಿಕೊಂಡಿದ್ದ ಮುಖ್ಯ ವೈದ್ಯರು ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು.

ಅಂದು ಆದ ತಪ್ಪು ಎರಡು. ಸುತ್ತಲಿನ ಕಸದ ಲೋಹ ಲೆಕ್ಕಕ್ಕೆ ಬರಲಿಲ್ಲ. ಹುಡುಕುವ ಮೊದಲೇ ಎಲ್ಲಿ ಹುಡುಕಬಾರದು ಎಂಬುದು ತೀರ್ಮಾನವಾಗಿತ್ತು. ಇಂದು ಅಮೆರಿಕದ ಹಳೆಯ ಪಾರ್ಕುಗಳಲ್ಲಿ, ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಭಾನುವಾರದ ಹವ್ಯಾಸಕ್ಕೆಂದು ಡಿಟೆಕ್ಟರ್ ಹಿಡಿದು ತಿರುಗುವವರು ಮಾಡುವುದೂ ಈ ಎರಡೇ ತಪ್ಪುಗಳನ್ನು. ಅಲ್ಲಿ ನೆಲೆಸಿದ ನಮ್ಮ ಕನ್ನಡಿಗರೂ ಇದಕ್ಕೆ ಹೊರತಲ್ಲ.

ಮನುಷ್ಯ ಓಡಾಡಿದ ಕಡೆ ಕಾಸು ಬೀಳುತ್ತದೆ; ಕಾಸು ಬಿದ್ದ ಕಡೆ ಕಸವೂ ಬೀಳುತ್ತದೆ. ಕಸವಿಲ್ಲದ ನೆಲ ಹುಡುಕಲು ಸುಖ, ಆದರೆ ಸಿಗುವುದು ಏನೂ ಇಲ್ಲ. ಆದ್ದರಿಂದ ಮೊಳೆ, ಸೋಡಾ ಮುಚ್ಚಳ, ಸಿಗರೇಟು ಪ್ಯಾಕಿನ ಹಾಳೆ ತುಂಬಿದ ನೆಲದಲ್ಲಿ ಯಂತ್ರವನ್ನು ಹದಗೊಳಿಸುವುದೇ ಈ ಹವ್ಯಾಸದ ಅಸಲಿ ವಿದ್ಯೆ. ಕೆಳಗಿನ ಹದಿನೈದೂ ಒಂದೇ ಮಾತಿನ ಮಕ್ಕಳು: ಕಡಿಮೆ ಕೇಳಿ, ಹೆಚ್ಚು ಕೇಳಿಸಿಕೊಳ್ಳಿ.

1. ಕಸದ ಜಾತಕ ನೋಡಿ

ಸೆಟ್ಟಿಂಗ್ ಬದಲಿಸುವ ಗುಂಡಿ ಒತ್ತುವ ಮೊದಲು ಹತ್ತು ನಿಮಿಷ ಸುಮ್ಮನೆ ನಡೆದು, ಸಿಕ್ಕ ಐದಾರು ಸದ್ದನ್ನು ಅಗೆದು ನೋಡಿ. ಕಸದಲ್ಲಿ ಮುಖ್ಯವಾಗಿ ಎರಡು ಕುಲ. ಒಂದು ಕಬ್ಬಿಣ: ಮೊಳೆ, ತಂತಿ, ಲಾಳ, ನೇಗಿಲ ಚೂರು. ರೋಮನ್ನರು ವಾಸವಿದ್ದ ಕಡೆ ಇದರ ರಾಶಿ. ಸ್ಕಾಟ್ಲೆಂಡಿನ ಇಂಚ್‌ಟುಥಿಲ್ ಕೋಟೆಯಲ್ಲಿ ರೋಮನ್ ಸೈನ್ಯ ಹೂತಿಟ್ಟು ಹೋದ ಮೊಳೆಗಳೇ ಲಕ್ಷಗಟ್ಟಲೆ ಸಿಕ್ಕಿವೆ. ಇನ್ನೊಂದು ಅಲ್ಯೂಮಿನಿಯಂ: ಡಬ್ಬಿಯ ಚೂರು, ಹಾಳೆ, ಪುಲ್‌ಟ್ಯಾಬ್. ಒಹಾಯೊದ ಎರ್ಮಲ್ ಫ್ರೇಜ್ 1960ರ ದಶಕದ ಆರಂಭದಲ್ಲಿ ಡಬ್ಬಿಗೆ ಕಿತ್ತೆಸೆಯುವ ಈ ಕಿವಿ, ಅಂದರೆ ಪುಲ್‌ಟ್ಯಾಬ್, ಜೋಡಿಸಿದ. ಡಬ್ಬಿಯಲ್ಲೇ ಉಳಿಯುವ ಕಿವಿ ಬಂದದ್ದು 1975ರಲ್ಲಿ. ನಡುವಿನ ಆ ವರ್ಷಗಳಲ್ಲಿ ಕಿತ್ತೆಸೆದ ಕಿವಿಗಳೆಲ್ಲ ಅಮೆರಿಕದ ಪಾರ್ಕುಗಳ ಹುಲ್ಲಿನಡಿ ಇವತ್ತಿಗೂ ಮಲಗಿವೆ.

ಕಬ್ಬಿಣದ ನೆಲಕ್ಕೆ ಬೇಕಾದ ಸೆಟ್ಟಿಂಗ್ ಬೇರೆ, ಅಲ್ಯೂಮಿನಿಯಂ ನೆಲಕ್ಕೆ ಬೇಕಾದದ್ದು ಬೇರೆ. ರೋಗ ತಿಳಿಯದೆ ಮದ್ದು ಅರೆಯಬೇಡಿ.

2. ನೆಲ ಡೊಂಕಾಗಿದ್ದರೆ ಮೊದಲು ನೆಲವನ್ನೇ ಸರಿಮಾಡಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡಿಟೆಕ್ಟರಿನ ವಿಷಯದಲ್ಲಿ ಅವಳ ಮಾತು ನಿಜ. ಮಣ್ಣಿನಲ್ಲೂ ಕಬ್ಬಿಣದ ಅಂಶವಿರುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಂತೂ ಧಾರಾಳ. ಆ ಮಣ್ಣಿನ ಸದ್ದನ್ನು ಯಂತ್ರ ಕಳೆದು ಹಾಕುವಂತೆ ಮಾಡುವುದೇ ಗ್ರೌಂಡ್ ಬ್ಯಾಲೆನ್ಸ್. ಯಂತ್ರದ ತುದಿಯಲ್ಲಿರುವ ತಟ್ಟೆಯನ್ನು, ಅಂದರೆ ಕಾಯಿಲನ್ನು, ನೆಲದಿಂದ ಒಂದಿಷ್ಟು ಮೇಲೆ ಕೆಳಗೆ ಆಡಿಸುತ್ತ ಇದನ್ನು ಹೊಂದಿಸುತ್ತಾರೆ.

ಕಸದ ನೆಲದಲ್ಲಿ ತೊಡಕಿರುವುದು ಇಲ್ಲೇ. ಮೊಳೆಯ ಮೇಲೆ ನಿಂತು ಬ್ಯಾಲೆನ್ಸ್ ಮಾಡಿದರೆ ಯಂತ್ರ ಮೊಳೆಯನ್ನೇ ಮಣ್ಣೆಂದು ತಿಳಿಯುತ್ತದೆ. ಆದ್ದರಿಂದ ಸದ್ದಿಲ್ಲದ ಒಂದು ಮೊರದಗಲ ಜಾಗ ಸಿಗುವವರೆಗೆ ಆಚೀಚೆ ಹುಡುಕಿ. ಅಲ್ಲೇ ಹೊಂದಿಸಿ, ಅಲ್ಲಿಗೇ ಬೀಗ ಹಾಕಿ. ತನ್ನಷ್ಟಕ್ಕೆ ಬದಲಾಗುತ್ತ ಹೋಗುವ ಟ್ರ್ಯಾಕಿಂಗ್ ವ್ಯವಸ್ಥೆಯನ್ನು ಕಸದ ನೆಲದಲ್ಲಿ ಆರಿಸಿಬಿಡಿ. ಪಕ್ಕಪಕ್ಕದ ಲೋಹಗಳು ಅದನ್ನು ದಾರಿ ತಪ್ಪಿಸುತ್ತವೆ. ವಿದ್ಯುತ್ ತಂತಿ, ಮೊಬೈಲುಗಳ ಗದ್ದಲ ತಗ್ಗಿಸುವ ನಾಯ್ಸ್ ಕ್ಯಾನ್ಸಲ್ ಗುಂಡಿಯನ್ನೂ ಶುರುವಿನಲ್ಲೇ ಒಮ್ಮೆ ಒತ್ತಿಬಿಡಿ.

3. ಸೆನ್ಸಿಟಿವಿಟಿ ಇಳಿಸಿ: ಅತಿ ಆಸೆ ಗತಿ ಕೇಡು

ಹೊಸಬರು ಮೊದಲು ಮಾಡುವ ಕೆಲಸ ಸೆನ್ಸಿಟಿವಿಟಿಯನ್ನು ತುದಿಗೆ ಏರಿಸುವುದು. ಆಳದಲ್ಲಿರುವುದೆಲ್ಲ ಸಿಗಲಿ ಎಂಬ ಆಸೆ. ಕಸದ ನೆಲದಲ್ಲಿ ಆಗುವುದು ತದ್ವಿರುದ್ಧ. ಆಳದ ನಾಣ್ಯದ ಜೊತೆಗೆ ಆಳದ ಮೊಳೆ, ಪಕ್ಕದ ಮೊಳೆ, ಅದರಾಚೆಯ ತಗಡು ಎಲ್ಲವೂ ಒಟ್ಟಿಗೇ ಕೂಗುತ್ತವೆ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಬೇಕಾದವನು ಕಿವಿಗೆ ಧ್ವನಿವರ್ಧಕ ಕಟ್ಟಿಕೊಂಡ ಹಾಗೆ.

ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 800 ಯಂತ್ರದಲ್ಲಿ ಸೆನ್ಸಿಟಿವಿಟಿ 1ರಿಂದ 25ರವರೆಗೆ ಇದೆ; ಕಾರ್ಖಾನೆಯಿಂದ ಬರುವಾಗ 20ರಲ್ಲಿರುತ್ತದೆ. ದಟ್ಟ ಕಸದಲ್ಲಿ 16–18ಕ್ಕೆ ಇಳಿಸಿ ನೋಡಿ. ನಿಮ್ಮ ಯಂತ್ರ ಬೇರೆಯದಾದರೆ ಲೆಕ್ಕ ಹೀಗಿಟ್ಟುಕೊಳ್ಳಿ: ಕಾಯಿಲನ್ನು ಅಲುಗಿಸದೆ ಹಿಡಿದಾಗ ಯಂತ್ರ ತೊದಲುತ್ತಿದ್ದರೆ, ತೊದಲು ನಿಲ್ಲುವವರೆಗೆ ಇಳಿಸಿ, ಆಮೇಲೆ ಇನ್ನೊಂದು ಮೆಟ್ಟಿಲು ಇಳಿಸಿ. ಎರಡು ಅಂಗುಲ ಆಳ ಕಳೆದುಕೊಂಡೆನಲ್ಲ ಎಂದು ಕೊರಗುವುದು ಬೇಡ. ಇಂಥ ನೆಲದಲ್ಲಿ ನಾಣ್ಯ ತಪ್ಪಿಸಿಕೊಳ್ಳುವುದು ಆಳದಲ್ಲಿರುವುದರಿಂದಲ್ಲ, ಮೊಳೆಯ ಮರೆಯಲ್ಲಿರುವುದರಿಂದ.

4. ದೊಡ್ಡ ಕಾಯಿಲ್ ಮನೆಯಲ್ಲಿಡಿ

ಸಾಮಾನ್ಯವಾಗಿ ಯಂತ್ರದ ಜೊತೆ ಬರುವುದು 9ರಿಂದ 11 ಅಂಗುಲದ ಕಾಯಿಲ್. ಬಯಲು ಹೊಲಕ್ಕೆ ಅದು ಸರಿ. ಕಸದ ನೆಲಕ್ಕೆ 6 ಅಂಗುಲದ್ದು ಬೇಕು. ಲೆಕ್ಕ ಹಾಕಿ: 11 ಅಂಗುಲದ ಕಾಯಿಲ್ ಒಂದು ಸಲಕ್ಕೆ ಆವರಿಸುವ ಜಾಗ 6 ಅಂಗುಲದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಒಂದೇ ಸಲ ಅದರಡಿ ನಾಲ್ಕು ಮೊಳೆ, ಒಂದು ನಾಣ್ಯ ಬಂದರೆ ಐದೂ ಸೇರಿ ಒಂದೇ ಕಲಸುಮೇಲೋಗರದ ಸದ್ದು. ಸಣ್ಣ ಕಾಯಿಲ್ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತದೆ.

ಡಬಲ್-ಡಿ ಎಂಬ ಬಗೆಯ ಕಾಯಿಲಿನ ಶಕ್ತಿ ಅದರ ನಡುಗೆರೆಯ ಉದ್ದಕ್ಕೂ, ಚಾಕುವಿನ ಅಲಗಿನಂತೆ, ಕೆಳಗಿಳಿಯುತ್ತದೆ. ಎರಡು ಮೊಳೆಗಳ ಸಂದಿಯಲ್ಲಿ ಈ ಅಲಗನ್ನು ತೂರಿಸುವುದೇ ಕೈಚಳಕ. ಸಣ್ಣ ಕಾಯಿಲಿನಲ್ಲಿ ಕೆಲಸ ನಿಧಾನ, ನಿಜ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಲು ಯಾರೂ ಕುಂಟೆ ತರುವುದಿಲ್ಲ.

5. ಡಿಸ್ಕ್ರಿಮಿನೇಷನ್ ತೆರೆದಿಡಿ: ಇಲ್ಲಿ ಮೌನ ಬಂಗಾರವಲ್ಲ

ಇದು ಹದಿನೈದರಲ್ಲಿ ಅತಿ ಮುಖ್ಯವಾದದ್ದು, ಅತಿ ಹೆಚ್ಚು ಮಂದಿ ಮುರಿಯುವಂಥದ್ದು.

ಡಿಟೆಕ್ಟರ್ ಬದಲಾಗುವ ಕಾಂತಕ್ಷೇತ್ರವನ್ನು ನೆಲದೊಳಗೆ ಕಳಿಸುತ್ತದೆ. ಅದು ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ; ಆ ಸುಳಿಯ ಮರುದನಿ ಕಾಯಿಲಿಗೆ ವಾಪಸು ಬರುತ್ತದೆ. ಮರುದನಿ ಎಷ್ಟು ತಡವಾಗಿ, ಯಾವ ಲಯದಲ್ಲಿ ಬಂತು ಎಂಬುದರ ಮೇಲೆ ಯಂತ್ರ ಇದು ಕಬ್ಬಿಣ, ಇದು ಹಾಳೆ, ಇದು ಬೆಳ್ಳಿ ಎಂದು ಅಂದಾಜು ಮಾಡಿ ಅಂಕೆ ತೋರಿಸುತ್ತದೆ. ‘ಕಬ್ಬಿಣದ ಅಂಕೆ ಬಂದರೆ ಬಾಯಿ ಮುಚ್ಚಿಕೊಂಡಿರು’ ಎಂದು ಯಂತ್ರಕ್ಕೆ ಹೇಳುವುದೇ ಡಿಸ್ಕ್ರಿಮಿನೇಷನ್.

ಕೇಳಲು ಎಷ್ಟು ಹಿತ! ಮೊಳೆಯ ಕಾಟವಿಲ್ಲ, ತಲೆನೋವಿಲ್ಲ. ಆದರೆ ಮೊಳೆಯ ಪಕ್ಕದಲ್ಲೇ ನಾಣ್ಯವಿದ್ದರೆ ಎರಡರ ಮರುದನಿಯೂ ಬೆರೆತು ಬರುತ್ತದೆ. ಯಂತ್ರ ಬೆರಕೆಯನ್ನು ಕಬ್ಬಿಣವೆಂದೇ ತಿಳಿದು ಸುಮ್ಮನಾಗುತ್ತದೆ. ನೀವು ಬೆಳ್ಳಿ ನಾಣ್ಯದ ಮೇಲೆ ಹೆಜ್ಜೆಯಿಟ್ಟು, ‘ಇಲ್ಲೇನೂ ಇಲ್ಲ’ ಎಂದು ಮುಂದೆ ಹೋಗುತ್ತೀರಿ. ಹವ್ಯಾಸಿಗಳು ಇದನ್ನು ಮಾಸ್ಕಿಂಗ್ ಎನ್ನುತ್ತಾರೆ. ಗಾರ್‌ಫೀಲ್ಡ್ ಅವರ ವೈದ್ಯರು ಎಡಗಡೆ ಹುಡುಕಬೇಡಿ ಎಂದದ್ದೂ ಇದೇ ಬಗೆಯ ಡಿಸ್ಕ್ರಿಮಿನೇಷನ್.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಈ ಯಂತ್ರಕ್ಕೆ ಸಲ್ಲದು. ಮಾತಾಡಿದಾಗಲೇ ಬೆಳ್ಳಿ ಸಿಗುತ್ತದೆ. ಸುಮ್ಮನಿದ್ದರೆ ಬಂಗಾರವೂ ನೆಲದಲ್ಲೇ ಉಳಿಯುತ್ತದೆ. ಡಿಸ್ಕ್ರಿಮಿನೇಷನ್ ಮಟ್ಟವನ್ನು ಸೊನ್ನೆಗೆ, ಇಲ್ಲವೇ ತೀರ ಸಣ್ಣ ಮೊಳೆಯಷ್ಟೇ ಅಡಗುವ ಮಟ್ಟಕ್ಕೆ ತನ್ನಿ. ಎಲ್ಲ ಲೋಹವೂ ಮಾತಾಡಲಿ. ಯಾರ ಮಾತಿಗೆ ಬೆಲೆ ಕೊಡಬೇಕು ಎಂಬುದನ್ನು ನಿಮ್ಮ ಕಿವಿ ತೀರ್ಮಾನಿಸಲಿ.

6. ಕಬ್ಬಿಣಕ್ಕೆ ಮೆಲುದನಿ ಕೊಡಿ

‘ಎಲ್ಲವನ್ನೂ ಕೇಳಿದರೆ ಹುಚ್ಚು ಹಿಡಿಯುತ್ತದಲ್ಲ?’ ಹಿಡಿಯುವುದಿಲ್ಲ, ಉಪಾಯವಿದೆ. ಈಗಿನ ಹಲವು ಯಂತ್ರಗಳಲ್ಲಿ ಕಬ್ಬಿಣಕ್ಕೆ ಬೇರೆಯೇ ತಗ್ಗು ಸ್ವರ, ಬೇರೆಯೇ ವಾಲ್ಯೂಮ್ ಇಡಬಹುದು. ಕಬ್ಬಿಣದ ಸ್ವರವನ್ನು ಗೊಣಗಾಟದ ಮಟ್ಟಕ್ಕೆ ತಗ್ಗಿಸಿ. ಉಳಿದ ಲೋಹಗಳಿಗೆ ಏರುದನಿ ಇಡಿ. ಆಗ ನೆಲವೆಲ್ಲ ಕಪ್ಪೆಗಳ ವಟವಟ, ನಡುವೆ ಎಲ್ಲೋ ಒಂದು ಹಕ್ಕಿಯ ಚಿಲಿಪಿಲಿ. ಆ ಚಿಲಿಪಿಲಿಗೆ ನಿಲ್ಲಿ.

ಕಬ್ಬಿಣ ದಟ್ಟವಾಗಿದ್ದರೆ ಎರಡೇ ಸ್ವರ ಸಾಕು: ಕಬ್ಬಿಣ, ಕಬ್ಬಿಣವಲ್ಲದ್ದು. ಅಲ್ಯೂಮಿನಿಯಂ ತುಂಬಿದ ಪಾರ್ಕಿನಲ್ಲಿ ಹಲವು ಸ್ವರದ ವ್ಯವಸ್ಥೆ ಮೇಲು. ಹಾಳೆ, ಪುಲ್‌ಟ್ಯಾಬ್, ತಾಮ್ರ, ಬೆಳ್ಳಿ ಒಂದೊಂದೂ ಒಂದೊಂದು ಶ್ರುತಿಯಲ್ಲಿ ಹಾಡುವುದರಿಂದ ವಾರದೊಳಗೆ ಕಿವಿ ಪಳಗುತ್ತದೆ. ಹೆಡ್‌ಫೋನ್ ತಪ್ಪಿಸಬೇಡಿ. ಬದುಕಿನಲ್ಲಿ ಹಿತ್ತಾಳೆ ಕಿವಿ ಇರಬಾರದು. ಈ ಹವ್ಯಾಸದಲ್ಲಿ ಅದೇ ಬಂಡವಾಳ.

7. ರಿಕವರಿ ವೇಗ ಏರಿಸಿ

ತುಂಬಿದ ಸಿಟಿ ಬಸ್ಸಿನ ಕಂಡಕ್ಟರನ್ನು ನೆನೆಸಿಕೊಳ್ಳಿ. ಒಬ್ಬನಿಗೆ ಟಿಕೆಟ್ ಹರಿದು, ಚಿಲ್ಲರೆ ಎಣಿಸಿ ಮುಗಿಸುವಷ್ಟರಲ್ಲಿ ಪಕ್ಕದವ ಇಳಿದೇ ಹೋಗಿರುತ್ತಾನೆ. ಒಂದು ಲೋಹದ ಸದ್ದು ಮುಗಿಸಿ ಇನ್ನೊಂದಕ್ಕೆ ಅಣಿಯಾಗಲು ಡಿಟೆಕ್ಟರಿಗೂ ಹೊತ್ತು ಬೇಕು. ಈ ಹೊತ್ತನ್ನು ಕಡಿಮೆ ಮಾಡುವುದೇ ರಿಕವರಿ ಸ್ಪೀಡ್. ಎಕ್ಸ್‌ಪಿ ಡ್ಯೂಸ್ ಯಂತ್ರ ಬಳಸುವವರು ಇದನ್ನೇ ರಿಯಾಕ್ಟಿವಿಟಿ ಎನ್ನುತ್ತಾರೆ.

ಈಕ್ವಿನಾಕ್ಸ್ 800ರಲ್ಲಿ ಇದು 1ರಿಂದ 8. ಖಾಲಿ ಹೊಲದಲ್ಲಿ 3–4 ಸಾಕು. ಮೊಳೆಗಳ ನಡುವೆ 6–7ಕ್ಕೆ ಏರಿಸಿ. ಮೊಳೆಯ ಗೊಣಗಿನ ಬಾಲಕ್ಕೇ ನಾಣ್ಯದ ಕಿಣಿ ಬೇರೆಯಾಗಿ ಕೇಳಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಸದ್ದು ತುಂಡಾಗುತ್ತದೆ, ಚುಟುಕಾಗುತ್ತದೆ, ಆಳದ ಕ್ಷೀಣ ಸದ್ದುಗಳು ಕೈತಪ್ಪುತ್ತವೆ. ಆದ್ದರಿಂದ ಕಸ ಮುಗಿದು ಬಯಲು ಬಂದ ಕೂಡಲೇ ಮತ್ತೆ ಇಳಿಸಲು ಮರೆಯಬೇಡಿ.

8. ಐರನ್ ಬಯಸ್: ಉಪ್ಪಿನಷ್ಟೇ ಬಳಸಿ

ಬಾಗಿದ ಮೊಳೆ, ತುಕ್ಕು ಹಿಡಿದ ವಾಷರ್, ಅಗಲವಾದ ತಗಡು ಇವು ಮಹಾ ವೇಷಗಾರರು; ಕಬ್ಬಿಣವಾಗಿದ್ದೂ ಬೆಳ್ಳಿಯ ಸ್ವರದಲ್ಲಿ ಹಾಡುತ್ತವೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಕಿಣಿಕಿಣಿ ಎಂದದ್ದೆಲ್ಲ ಬೆಳ್ಳಿಯಲ್ಲ. ಈ ಮೋಸ ತಡೆಯಲು ಐರನ್ ಬಯಸ್ ಇದೆ. ಅನುಮಾನ ಬಂದಾಗ ಕಬ್ಬಿಣದ ಕಡೆಗೇ ತೀರ್ಪು ಕೊಡು ಎಂದು ಯಂತ್ರಕ್ಕೆ ಹೇಳುವ ಗುಂಡಿ ಅದು.

ಹೆಚ್ಚು ಏರಿಸಿದರೆ ವೇಷಗಾರರು ತೊಲಗುತ್ತಾರೆ, ಜೊತೆಗೆ ಮೊಳೆಗೆ ಅಂಟಿಕೊಂಡ ನಾಣ್ಯವೂ ತೊಲಗುತ್ತದೆ. ತೀರ ಇಳಿಸಿದರೆ ದಿನವಿಡೀ ಮೊಳೆಗಳನ್ನೇ ಅಗೆಯುತ್ತೀರಿ. ರೋಮನ್ ನೆಲೆಯಂಥ ಕಡೆ, ಸಮಯವಿದ್ದಾಗ, ಇಳಿಸಿಯೇ ಇಡಿ. ಸಂಜೆ ಒಂದು ಗಂಟೆಯ ಬಿಡುವಿನಲ್ಲಿ ಪಾರ್ಕಿಗೆ ಹೋದರೆ ತುಸು ಏರಿಸಿ. ಅಡುಗೆಗೆ ಉಪ್ಪು ಹಾಕುವ ಹದ ಇದಕ್ಕೂ.

9. ನಾಚ್ ಗುಂಡಿ ಮುಟ್ಟುವ ಮೊದಲು ಉಂಗುರ ನೆನೆಯಿರಿ

ಪುಲ್‌ಟ್ಯಾಬ್ ಕಾಟ ತಾಳಲಾರದೆ ‘ಆ ಅಂಕೆಯನ್ನಷ್ಟೇ ಕತ್ತರಿಸಿ ಹಾಕೋಣ’ ಎನಿಸುವುದು ಸಹಜ. ಇದಕ್ಕೆ ನಾಚ್ ಎಂಬ ಸೌಲಭ್ಯವಿದೆ. ಆದರೆ ಲೋಹದ ಅಂಕೆ ಲೋಹದ ಹೆಸರನ್ನು ಹೇಳುವುದಿಲ್ಲ. ಅದರ ವಿದ್ಯುತ್ ವಾಹಕತೆ, ಗಾತ್ರ, ದಪ್ಪ, ಆಕಾರ ಎಲ್ಲ ಸೇರಿದ ಮೊತ್ತವನ್ನು ಹೇಳುತ್ತದೆ. ಅಮೆರಿಕದ ಐದು ಸೆಂಟಿನ ನಾಣ್ಯ, ಅಂದರೆ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್ ಇರುವ ‘ನಿಕಲ್’, ಈಕ್ವಿನಾಕ್ಸಿನಲ್ಲಿ ಸಾಮಾನ್ಯವಾಗಿ 12–13 ತೋರಿಸುತ್ತದೆ. ಪುಲ್‌ಟ್ಯಾಬ್‌ಗಳೂ ಅದರ ಮಗ್ಗುಲಲ್ಲೇ ಕೂತಿರುತ್ತವೆ. ಚಿನ್ನದ ಉಂಗುರಗಳಲ್ಲಿ ಹೆಚ್ಚಿನವು ಬರುವುದು ಹಾಳೆಗೂ ಪುಲ್‌ಟ್ಯಾಬಿಗೂ ನಡುವಿನ ಇದೇ ಅಂಕೆಗಳಲ್ಲಿ. ಪುಲ್‌ಟ್ಯಾಬ್ ಕತ್ತರಿಸಿದವರು ಉಂಗುರವನ್ನೂ ಕತ್ತರಿಸಿದಂತೆ.

ಗುರಿ ಬೆಳ್ಳಿ ಮಾತ್ರವಾಗಿದ್ದರೆ ಕಥೆ ಬೇರೆ. 1964ರವರೆಗಿನ ಅಮೆರಿಕದ ಡೈಮ್, ಕ್ವಾರ್ಟರ್ ನಾಣ್ಯಗಳಲ್ಲಿ ಶೇ 90ರಷ್ಟು ಬೆಳ್ಳಿ. ಅವುಗಳ ಅಂಕೆ ಮೇಲೆಲ್ಲೋ ಇರುತ್ತದೆ. ಆಗ ನಡುವಿನ ಅಂಕೆಗಳನ್ನು ಕಡೆಗಣಿಸಬಹುದು. ಇಂಗ್ಲೆಂಡಿನ ಹೊಲದಲ್ಲಿ ಮಾತ್ರ ಈ ಧೈರ್ಯ ಬೇಡ. ಸುತ್ತಿಗೆಯಿಂದ ಬಡಿದು ಮಾಡಿದ ಮಧ್ಯಯುಗದ ಬೆಳ್ಳಿ ಕಾಸುಗಳು ಕಾಗದದಷ್ಟು ತೆಳು. ಚಿಲ್ಲರೆಗೆಂದು ಅವನ್ನೇ ಅರ್ಧ, ಕಾಲು ಮಾಡಿ ಕತ್ತರಿಸುತ್ತಿದ್ದರು. ಅಂಥ ಕಾಲು ಚೂರು ಹಾಳೆಯ ಅಂಕೆಯನ್ನೇ ತೋರಿಸುತ್ತದೆ.

10. ಫ್ರೀಕ್ವೆನ್ಸಿ ಆರಿಸಿ

ಸರಳ ಲೆಕ್ಕ. ಯಂತ್ರ ಕಳಿಸುವ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಫ್ರೀಕ್ವೆನ್ಸಿ. ಹೆಚ್ಚಿನ ಫ್ರೀಕ್ವೆನ್ಸಿ ಸಣ್ಣ, ತೆಳು ವಸ್ತುಗಳಿಗೆ ಚುರುಕು. ಕಬ್ಬಿಣದ ನಡುವೆ ಬೇರ್ಪಡಿಸಿ ತೋರಿಸುವುದರಲ್ಲೂ ಮುಂದು. ಕಡಿಮೆ ಫ್ರೀಕ್ವೆನ್ಸಿ ದಪ್ಪ ಬೆಳ್ಳಿ, ತಾಮ್ರಕ್ಕೆ ಒಳ್ಳೆಯದು. ತೆಳು ಹಾಳೆಯ ಚೂರುಗಳಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಮೊದಲ ಡ್ಯೂಸ್ ಯಂತ್ರದಲ್ಲಿ 4, 8, 12, 18 ಕಿಲೋಹರ್ಟ್ಸ್ ಎಂಬ ನಾಲ್ಕು ಆಯ್ಕೆಗಳಿದ್ದವು. ಮೊಳೆ ತುಂಬಿದ ಹಳೆಯ ಮನೆ ನೆಲದಲ್ಲಿ 12 ಅಥವಾ 18. ಹಾಳೆ ತುಂಬಿದ ಪಾರ್ಕಿನಲ್ಲಿ ಬೆಳ್ಳಿಗೆಂದೇ ಹೊರಟಾಗ 8 ಅಥವಾ 4. ಹಲವು ಫ್ರೀಕ್ವೆನ್ಸಿ ಒಟ್ಟಿಗೇ ಕಳಿಸುವ ಹೊಸ ಯಂತ್ರವಿದ್ದರೆ ಅದನ್ನು ಹಾಗೆಯೇ ಬಿಡಿ. ಒಂದೇ ಫ್ರೀಕ್ವೆನ್ಸಿಯ ಯಂತ್ರವಿದ್ದರೆ ಈ ಸೂತ್ರ ದಾಟಿ ಮುಂದೆ ಹೋಗಿ. ಉಳಿದ ಹದಿನಾಲ್ಕು ನಿಮಗೆ ಸಾಕಷ್ಟು ಕೆಲಸ ಕೊಡುತ್ತವೆ.

11. ಕೈ ನಿಧಾನ: ತಾಳಿದವನು ಬಾಳಿಯಾನು

ಯಂತ್ರದಲ್ಲಿಲ್ಲದ ಸೆಟ್ಟಿಂಗ್ ಒಂದಿದೆ, ಅದು ನಿಮ್ಮ ತೋಳಿನಲ್ಲಿ. ಹುಲ್ಲು ಕೊಯ್ಯುವವರಂತೆ ಬೀಸುತ್ತ ಹೋದರೆ ರಿಕವರಿ ವೇಗ ಎಷ್ಟಿದ್ದರೂ ದಂಡ. ಕಸದ ನೆಲದಲ್ಲಿ ಒಂದೊಂದು ಬೀಸೂ ಗಿಡ್ಡವಾಗಿರಲಿ, ಒಂದು ಮೊಳಕ್ಕಿಂತ ಹೆಚ್ಚು ಬೇಡ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ, ಹುಲ್ಲು ಸವರುವಷ್ಟು ತಗ್ಗಿನಲ್ಲಿರಲಿ. ಬೀಸಿನ ಕೊನೆಯಲ್ಲಿ ಕಾಯಿಲ್ ಮೇಲೇಳದಂತೆ ನೋಡಿಕೊಳ್ಳಿ. ಗಡಿಯಾರದ ಲೋಲಕದಂತೆ ಎದ್ದರೆ ಎರಡೂ ಅಂಚಿನ ಆಳ ಹೋಯಿತು.

ಮುಂದಿನ ಹೆಜ್ಜೆ ಅರ್ಧ ಕಾಯಿಲಿನಷ್ಟು. ಹಿಂದಿನ ಬೀಸಿನ ಮೇಲೆ ಮುಂದಿನದು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರಬೇಕು. ಇಡೀ ಪಾರ್ಕು ಸುತ್ತುವ ಹಂಬಲ ಬಿಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಚೌಕಕ್ಕೆ ಹಗ್ಗ ಹಾಕಿಕೊಂಡು ಒಂದು ಗಂಟೆ ಅದರಲ್ಲೇ ಕಳೆಯಿರಿ. ಎಷ್ಟೋ ಜನ ಹುಡುಕಿ ‘ಖಾಲಿ’ ಎಂದು ಬಿಟ್ಟ ನೆಲ ಇಂಥವರಿಗೇ ಒಲಿಯುತ್ತದೆ.

12. ಅನುಮಾನ ಬಂದರೆ ದಿಕ್ಕು ಬದಲಿಸಿ

ಒಂದು ಕಡೆಯಿಂದ ಬೀಸಿದಾಗ ಕಿಣಿ ಎಂದಿತು. ಕೂಡಲೇ ಗುದ್ದಲಿ ಹಿಡಿಯಬೇಡಿ. ಕಾಲು ಸುತ್ತು ತಿರುಗಿ ನಿಂತು ಮತ್ತೆ ಬೀಸಿ. ನಾಣ್ಯ ದುಂಡಗಿರುವುದರಿಂದ ಯಾವ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಸ್ವರ, ಒಂದೇ ಅಂಕೆ. ಉದ್ದನೆಯ ಮೊಳೆ ಒಂದು ದಿಕ್ಕಿನಿಂದ ಹಾಡಿ, ಇನ್ನೊಂದು ದಿಕ್ಕಿನಿಂದ ಗೊಣಗುತ್ತದೆ.

ಒಂದು ವಿನಾಯಿತಿ ನೆನಪಿರಲಿ. ಮೊಳೆಯ ಪಕ್ಕದಲ್ಲಿ ಮಲಗಿದ ನಾಣ್ಯವೂ ಒಂದೇ ದಿಕ್ಕಿನಿಂದ ಹಾಡೀತು. ಆಗ ನೋಡಬೇಕಾದದ್ದು ಜಾಗ. ಒಳ್ಳೆಯ ಸದ್ದು ಪ್ರತಿ ಸಲವೂ ಅದೇ ಬಿಂದುವಿನಲ್ಲಿ ಬಂದರೆ ಅಗೆಯಿರಿ. ಸದ್ದು ಅತ್ತಿತ್ತ ಜಾರುತ್ತಿದ್ದರೆ ಅದು ಬಹುಪಾಲು ಕಬ್ಬಿಣದ ವೇಷ.

ಸೋಡಾ ಮುಚ್ಚಳಕ್ಕೆ ಬೇರೆ ಪರೀಕ್ಷೆ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ಈ ಉಕ್ಕಿನ ಮುಚ್ಚಳ ಅಂದಿನಿಂದ ಎಲ್ಲ ದೇಶದ ನೆಲಕ್ಕೂ ಬಿದ್ದಿದೆ. ದುಂಡಗಿರುವುದರಿಂದ ನಾಣ್ಯದಂತೆಯೇ ನಟಿಸುತ್ತದೆ. ಸದ್ದಿನ ಮೇಲೆ ಕಾಯಿಲನ್ನು ಪುಟ್ಟದಾಗಿ ಆಡಿಸುತ್ತ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ಕಾಯಿಲಿನ ತುದಿ ದಾಟುವಾಗ ಅಂಕೆ ಕುಸಿದು ಕಬ್ಬಿಣದ ಗೊಣಗು ಕೇಳಿಸಿದರೆ ಮುಚ್ಚಳ. ಅಂಕೆ ಕೊನೆಯವರೆಗೂ ಕದಲದೆ ಮಾಯವಾದರೆ ಕಾಸು.

13. ಕಸ ಎತ್ತಿ, ಮನೆಗೆ ಒಯ್ಯಿರಿ

ಅಗೆದಾಗ ಸಿಕ್ಕ ಮೊಳೆಯನ್ನು ಅದೇ ಗುಂಡಿಗೆ ಎಸೆಯುವವರಿದ್ದಾರೆ. ನಾಳೆ ಮತ್ತೆ ಅದನ್ನೇ ಅಗೆಯುವುದು ಅವರ ಹಣೆಬರಹ. ಸೊಂಟಕ್ಕೆ ಎರಡು ಚೀಲ ಕಟ್ಟಿಕೊಳ್ಳಿ: ಒಂದು ಕಾಸಿಗೆ, ಒಂದು ಕಸಕ್ಕೆ. ಕಸದ ಚೀಲ ಮೊದಲು ತುಂಬುತ್ತದೆ. ಅದು ಸೋಲಲ್ಲ, ಬಿತ್ತನೆಗೆ ಮುಂಚಿನ ಕಳೆ ಕೀಳುವಿಕೆ. ಒಂದೊಂದು ಮೊಳೆ ಎದ್ದು ಬಂದಾಗಲೂ ಅದರ ಮರೆಯಲ್ಲಿದ್ದ ಜಾಗ ಬಯಲಾಗುತ್ತದೆ. ಎತ್ತಿದ ಗುಂಡಿಯ ಮೇಲೆ, ಸುತ್ತ, ಮತ್ತೆ ಕಾಯಿಲ್ ಆಡಿಸಿ. ಮೊದಲು ಕೇಳಿಸದ ಸದ್ದು ಈಗ ಕೇಳಿಸುವುದುಂಟು. ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಇದ್ದರೆ ಗುಂಡಿಯೂ ಚಿಕ್ಕದು, ನಾಣ್ಯಕ್ಕೆ ಗೀರು ಬೀಳುವ ಅಪಾಯವೂ ಕಡಿಮೆ.

ಹುಲ್ಲನ್ನು ಮೂರು ಬದಿ ಕೊಯ್ದು ಮುಚ್ಚಳದಂತೆ ಮಗುಚಿ. ಕೆಲಸ ಮುಗಿದ ಮೇಲೆ ಹಾಗೆಯೇ ಮುಚ್ಚಿ, ಕಾಲಲ್ಲಿ ಒತ್ತಿ. ಅಗೆದ ಗುರುತು ಉಳಿಸಿ ಹೋದವರಿಂದಲೇ ಎಷ್ಟೋ ಪಾರ್ಕುಗಳ ಬಾಗಿಲು ಎಲ್ಲರಿಗೂ ಮುಚ್ಚುತ್ತದೆ.

14. ಒಂದು ಸಲಕ್ಕೆ ಒಂದೇ ಗುಂಡಿ

ಗುಂಡಿ ತೋಡುವುದಕ್ಕೂ ಗುಂಡಿ ಒತ್ತುವುದಕ್ಕೂ ಇದೇ ನಿಯಮ. ಸೆನ್ಸಿಟಿವಿಟಿ, ರಿಕವರಿ, ಬಯಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ದೇವರಿಗೂ ತಿಳಿಯದು. ಒಂದನ್ನು ಬದಲಿಸಿ, ಅದೇ ಸದ್ದಿನ ಮೇಲೆ ಮತ್ತೆ ಬೀಸಿ, ವ್ಯತ್ಯಾಸ ಕೇಳಿ, ಆಮೇಲೆ ಮುಂದಿನದು. ಹಳೆಯ ಪದ್ಧತಿಯ ಪುಟ್ಟ ನೋಟ್‌ಬುಕ್ ಜೇಬಿನಲ್ಲಿರಲಿ: ಯಾವ ನೆಲ, ಯಾವ ಅಂಕೆಗಳು, ಏನು ಸಿಕ್ಕಿತು.

ಮನೆಯಂಗಳದಲ್ಲಿ ಅಭ್ಯಾಸ ಮಾಡಲು ಒಂದು ಹಲಗೆ ಸಾಕು. ಅದರ ಮೇಲೆ ನಾಲ್ಕು ತುಕ್ಕು ಮೊಳೆ ಹರಡಿ, ನಡುವೆ ಒಂದು ನಾಣ್ಯ ಇಡಿ. ಎಲ್ಲ ದಿಕ್ಕಿನಿಂದ ಬೀಸಿ ನೋಡಿ. ಡಿಸ್ಕ್ರಿಮಿನೇಷನ್ ಏರಿಸಿದಂತೆ ನಾಣ್ಯ ಹೇಗೆ ಮಾಯವಾಗುತ್ತದೆ, ರಿಕವರಿ ಏರಿಸಿದಂತೆ ಹೇಗೆ ಮರಳಿ ಬರುತ್ತದೆ ಎಂಬುದನ್ನು ನಿಮ್ಮ ಕಿವಿಯಾರೆ ಕೇಳುತ್ತೀರಿ. ಹತ್ತು ನಿಮಿಷದ ಈ ಪಾಠದ ಮುಂದೆ ಯಂತ್ರದ ಜೊತೆ ಬಂದ ಕೈಪಿಡಿ ಸಪ್ಪೆ.

15. ಅಪ್ಪಣೆ ಇಲ್ಲದೆ ಒಂದು ಬೀಸೂ ಬೇಡ

ಇದು ಯಂತ್ರದ ಸೆಟ್ಟಿಂಗ್ ಅಲ್ಲ, ಮನಸ್ಸಿನದು. ಇಂಗ್ಲೆಂಡಿನಲ್ಲಿ ನೆಲದ ಒಡೆಯನ ಒಪ್ಪಿಗೆ ಬೇಕು. 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿ ಎನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ಕರೋನರ್ ಅಧಿಕಾರಿಗೆ ತಿಳಿಸಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಹಿಡಿದು ಹುಡುಕುವುದು ನಿಷಿದ್ಧ. ಊರ ಪಾರ್ಕುಗಳಿಗೆ ಊರೂರಿಗೆ ಬೇರೆ ನಿಯಮ. ನಮ್ಮಲ್ಲಿ 1878ರ ನಿಧಿ ಕಾಯ್ದೆಯ ಕಾಲದಿಂದಲೂ ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ರಕ್ಷಿತ ಸ್ಮಾರಕಗಳ ಬಳಿ ಅಗೆಯುವುದಂತೂ ಅಪರಾಧ. ನಿಧಿಯಾಸೆಗೆ ಹಾಳು ದೇಗುಲಗಳ ಗರ್ಭಗುಡಿ ಅಗೆದವರ ಕಥೆ ಕರ್ನಾಟಕಕ್ಕೆ ಹೊಸದಲ್ಲ. ಅವರ ಸಾಲಿಗೆ ಸೇರಬೇಡಿ. ಊರಿಗೆ ಬಂದಾಗ ಯಂತ್ರವನ್ನು ನಿಮ್ಮದೇ ತೋಟದಲ್ಲಿ ಕಳೆದ ಕಿವಿಯೋಲೆ, ಕುಡುಗೋಲು ಹುಡುಕಲು ಬಳಸಿ.

ಅದೇನು ಕೀಳು ಕೆಲಸವಲ್ಲ. 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸಫೋಕ್ ಸೀಮೆಯ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬ ನಿವೃತ್ತ ವ್ಯಕ್ತಿ ಡಿಟೆಕ್ಟರ್ ಹಿಡಿದು ಹೊಲಕ್ಕಿಳಿದ. ನಿಧಿಗಾಗಿ ಅಲ್ಲ, ರೈತ ಗೆಳೆಯನೊಬ್ಬನ ಕಳೆದುಹೋದ ಸುತ್ತಿಗೆಗಾಗಿ. ಕಬ್ಬಿಣ ಹುಡುಕಲು ಹೊರಟವನಿಗೆ ಎದುರಾದದ್ದು ರೋಮನ್ ಕಾಲದ ಚಿನ್ನ ಬೆಳ್ಳಿಯ ಸುಮಾರು 15,000 ನಾಣ್ಯ, ಆಭರಣ, ಬೆಳ್ಳಿ ಚಮಚಗಳ ರಾಶಿ. ಆತ ಎಲ್ಲವನ್ನೂ ಬಾಚಿಕೊಳ್ಳಲಿಲ್ಲ. ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಪುರಾತತ್ವಜ್ಞರು ಬಂದು ಇದ್ದದ್ದು ಇದ್ದಂತೆಯೇ ಎತ್ತಿದರು. ಬಹುಮಾನವಾಗಿ ಬಂದ 17.5 ಲಕ್ಷ ಪೌಂಡನ್ನು ಲಾಸ್ ರೈತನೊಂದಿಗೆ ಹಂಚಿಕೊಂಡ. ಸುತ್ತಿಗೆಯೂ ಆಮೇಲೆ ಸಿಕ್ಕಿತು. ನಿಧಿಯ ಜೊತೆಗೆ ಆ ಕಬ್ಬಿಣದ ಸುತ್ತಿಗೆಯೂ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.